ಸಮ್ಮೇಳನದ ಸುದ್ದಿ ಉದ್ಘಾಟನೆಗೇ ನಿಲ್ಲದಿರಲಿ

ಮಾನ್ಯ ಸಂಪಾದಕರೇ,

ಸಾರ್ವಜನಿಕ ಆರೋಗ್ಯಕ್ಕೂ ಎಪಿಡೆಮಿಯಾಲಜಿಗೂ ಸಂಬಂಧಿಸಿದ ರಾಷ್ಟ್ರೀಯ ಸಂಘಗಳ ಸಭೆಗಳು, ಸಮ್ಮೇಳನಗಳು ನಮ್ಮ ರಾಜ್ಯದಲ್ಲಿ, ಅದರಲ್ಲೂ ಬೆಂಗಳೂರಿನಲ್ಲಿ, ಆಗಾಗ ನಡೆಯುತ್ತವೆ. ಮರುದಿನದ ಪತ್ರಿಕೆಗಳಲ್ಲಿ ಬರುವ ವರದಿ ಬಹುಮಟ್ಟಿಗೆ ಒಂದೇ ಬಗೆಯದಾಗಿರುತ್ತದೆ: ದೀಪ ಬೆಳಗಿದ ಗಣ್ಯರ ಭಾಷಣದ ಎರಡು ಮಾತು, ವೇದಿಕೆಯ ಮೇಲೆ ಸ್ಮರಣ ಸಂಚಿಕೆ ಹಿಡಿದು ನಿಂತವರ ಚಿತ್ರ, ಅದರ ಕೆಳಗೆ ಹೆಸರುಗಳ ಸಾಲು. ಆ ಬಳಿಕ ಎರಡು ಮೂರು ದಿನ ನಡೆಯುವ ಗೋಷ್ಠಿಗಳ ಬಗ್ಗೆ, ಅಲ್ಲಿ ಮಂಡನೆಯಾಗುವ ಅಧ್ಯಯನಗಳ ಬಗ್ಗೆ ಒಂದು ಸಾಲೂ ಕಾಣುವುದಿಲ್ಲ. ನಾನು ಆರೋಗ್ಯ ಇಲಾಖೆಯಲ್ಲಿ ಕ್ಷೇತ್ರ ಸಿಬ್ಬಂದಿಯಾಗಿ ದುಡಿದು ನಿವೃತ್ತನಾದವನು. ಆ ಗೋಷ್ಠಿಗಳಲ್ಲಿ ಚರ್ಚೆಯಾಗುವುದು ನಮ್ಮದೇ ತಾಲ್ಲೂಕುಗಳ, ನಮ್ಮದೇ ಬೀದಿಗಳ ಜನರ ಆರೋಗ್ಯವಾದ್ದರಿಂದ ಅದು ಕನ್ನಡದ ಓದುಗರನ್ನು ಮುಟ್ಟಬೇಕು ಎಂಬ ಒಂದು ಕೋರಿಕೆಯನ್ನು ತಮ್ಮ ಮುಂದೆಯೂ, ತಮ್ಮ ಪತ್ರಿಕೆಯ ಮೂಲಕ ಆ ಸಂಘಗಳ ಪದಾಧಿಕಾರಿಗಳ ಮುಂದೆಯೂ ಇಡಲು ಈ ಪತ್ರವನ್ನು ಬರೆಯುತ್ತಿದ್ದೇನೆ.

ರೋಗವು ಯಾರಿಗೆ, ಎಲ್ಲಿ, ಯಾವ ಕಾಲದಲ್ಲಿ, ಯಾವ ಕಾರಣದಿಂದ ಬರುತ್ತದೆ ಎಂಬುದನ್ನು ಒಂದು ಊರನ್ನೋ ಜಿಲ್ಲೆಯನ್ನೋ ಒಟ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡು ಹುಡುಕುವ ಶಾಸ್ತ್ರ ಎಪಿಡೆಮಿಯಾಲಜಿ. ಇದನ್ನು ಅಭ್ಯಾಸ ಮಾಡುವವರು ಸಂಘ ಕಟ್ಟಿಕೊಂಡು, ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಸಭೆಯಲ್ಲಿ ಪರೀಕ್ಷಿಸುವ ಪದ್ಧತಿ ಕಾಲರಾ ಹಾವಳಿಯ ದಿನಗಳಿಂದ ಬಂದಿದೆ. ಲಂಡನ್ನಿನ ಎಪಿಡೆಮಿಯಾಲಜಿಕಲ್ ಸೊಸೈಟಿ 1850ರಲ್ಲಿ ಆರಂಭವಾದಾಗ, ಕಾಲರಾ ನೀರಿನ ಮೂಲಕ ಹರಡುತ್ತದೆ ಎಂದು ವಾದಿಸಿದ ಜಾನ್ ಸ್ನೋ ಅದರ ಸ್ಥಾಪಕ ಸದಸ್ಯರಲ್ಲೊಬ್ಬರಾಗಿದ್ದರು. ನಮ್ಮ ದೇಶದಲ್ಲಿ ಭಾರತೀಯ ಸಾರ್ವಜನಿಕ ಆರೋಗ್ಯ ಸಂಘ 1956ರಲ್ಲೂ, ರೋಗ ಪ್ರತಿಬಂಧಕ ಮತ್ತು ಸಾಮಾಜಿಕ ವೈದ್ಯಶಾಸ್ತ್ರದ ಭಾರತೀಯ ಸಂಘ 1974ರಲ್ಲೂ ಹುಟ್ಟಿಕೊಂಡವು. ಎರಡೂ ಸಂಘಗಳು ರಾಷ್ಟ್ರೀಯ ಸಮ್ಮೇಳನ ನಡೆಸುತ್ತವೆ, ತಮ್ಮದೇ ನಿಯತಕಾಲಿಕಗಳನ್ನು ಹೊರತರುತ್ತವೆ. ಚುನಾವಣೆ, ಪ್ರಶಸ್ತಿ, ದತ್ತಿ ಉಪನ್ಯಾಸ, ಅಗಲಿದವರಿಗೆ ಶ್ರದ್ಧಾಂಜಲಿ ಮೊದಲಾದ ಸಂಘದ ಸುದ್ದಿಗಳು ಸದಸ್ಯರಿಗೆ ಬೇಕಾದವು, ಅವು ಅವರ ನಿಯತಕಾಲಿಕದಲ್ಲಿ ಬಂದರೆ ಸಾಕು. ಗೋಷ್ಠಿಯ ಸುದ್ದಿ ಹಾಗಲ್ಲ, ಅದು ಎಲ್ಲರಿಗೂ ಸಂಬಂಧಿಸಿದ್ದು.

ಈ ಶಾಸ್ತ್ರದಲ್ಲಿ ಬೆಂಗಳೂರಿಗೂ ಅದರ ಸುತ್ತಲಿನ ಹಳ್ಳಿಗಳಿಗೂ ಇರುವ ಸ್ಥಾನ ಎಂಥದೆಂಬುದು ನಮ್ಮವರಿಗೇ ಅಷ್ಟಾಗಿ ತಿಳಿದಿಲ್ಲ. ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಸ್ಥಾಪನೆಯಾಯಿತು. ಹಳ್ಳಿಯವರಿಗೆ ಕ್ಷಯದ ಅರಿವಿಲ್ಲ, ಅವರಾಗಿ ಆಸ್ಪತ್ರೆಗೆ ಬರುವವರಲ್ಲ, ಆದ್ದರಿಂದ ಎಕ್ಸ್‌-ರೇ ಯಂತ್ರ ಹೊತ್ತ ಗಾಡಿಗಳೇ ಊರೂರಿಗೆ ಹೋಗಿ ರೋಗಿಗಳನ್ನು ಹುಡುಕಬೇಕು ಎಂಬ ಅಭಿಪ್ರಾಯ ಆಗ ಬಲವಾಗಿತ್ತು. ಸಂಸ್ಥೆಯಲ್ಲಿದ್ದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯದ ಲಕ್ಷಣವಿದ್ದವರನ್ನು ಮಾತನಾಡಿಸಿ ನೋಡಿದಾಗ ಕಂಡದ್ದೇ ಬೇರೆ. ಕಫದಲ್ಲಿ ಕ್ಷಯದ ರೋಗಾಣು ಇದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ತಮ್ಮ ದೇಹದಲ್ಲಿ ಏನೋ ಸರಿಯಿಲ್ಲವೆಂಬ ಅರಿವಿತ್ತು, ಅರ್ಧಕ್ಕೂ ಹೆಚ್ಚು ಮಂದಿ ಅದಾಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಹೋದ ಕಡೆ ಅವರ ಕಫ ಪರೀಕ್ಷೆಯಾಗುತ್ತಿರಲಿಲ್ಲ, ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳುಹಿಸಲಾಗುತ್ತಿತ್ತು. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಲೋಕದ ಕ್ಷಯ ತಜ್ಞರು ಇಂದಿಗೂ ಉಲ್ಲೇಖಿಸುತ್ತಾರೆ. ಕೆಮ್ಮು ಎಂದು ತಾನಾಗಿ ಬಂದವರ ಕಫವನ್ನು ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲೇ ಪರೀಕ್ಷಿಸಿ ಅಲ್ಲೇ ಔಷಧ ಕೊಡಬೇಕೆಂಬ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ತಳಹದಿ ಇಂಥ ಕೆಲಸವೇ.

ಅದೇ ಸಂಸ್ಥೆಯವರು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳ 119 ಹಳ್ಳಿಗಳಿಗೆ ಮತ್ತೆ ಮತ್ತೆ ಹೋಗಿ, ಅದೇ ಮನೆಗಳ ಅದೇ ಜನರನ್ನು ಪರೀಕ್ಷಿಸುತ್ತಾ ಬಂದರು. ಸಂಘಟಿತ ಚಿಕಿತ್ಸೆ ಇನ್ನೂ ಊರುಗಳನ್ನು ಮುಟ್ಟಿರದ ಆ ಕಾಲದಲ್ಲಿ, ಮೊದಲ ಸುತ್ತಿನಲ್ಲಿ ಕಫದಲ್ಲಿ ರೋಗಾಣು ಕಂಡವರ ಪೈಕಿ ಐದು ವರ್ಷದೊಳಗೆ ಸುಮಾರು ಅರ್ಧದಷ್ಟು ಮಂದಿ ತೀರಿಕೊಂಡಿದ್ದರು, ಮೂರರಲ್ಲೊಂದು ಪಾಲು ತಾವಾಗಿ ಗುಣವಾಗಿದ್ದರು, ಉಳಿದವರು ಇನ್ನೂ ಕಫದಲ್ಲಿ ರೋಗಾಣು ಹೊರಹಾಕುತ್ತಲೇ ಇದ್ದರು. ಕ್ಷಯವನ್ನು ಹಾಗೆಯೇ ಬಿಟ್ಟರೆ ಏನಾಗುತ್ತದೆ ಎಂದು ಹೇಳಲು ಜಗತ್ತು ಇಂದಿಗೂ ಎತ್ತಿ ತೋರಿಸುವ ಅಂಕಿಗಳಲ್ಲಿ ಇವೂ ಸೇರಿವೆ. ಅಂದು ಬೆಳಗಿನ ಜಾವ ಕಫದ ಡಬ್ಬಿಯನ್ನು ತುಂಬಿಸಿ ಕೊಟ್ಟ ಆ ರೈತರ, ಕೂಲಿಕಾರರ ಮೊಮ್ಮಕ್ಕಳು ಇಂದು ಈ ನಗರದ ಅಂಚಿನ ಬಡಾವಣೆಗಳಲ್ಲಿದ್ದಾರೆ. ತಮ್ಮ ಅಜ್ಜಿ-ತಾತಂದಿರಿಂದ ಲೋಕ ಏನು ಕಲಿತಿತೆಂಬುದನ್ನು ಅವರಿಗೆ ಅವರ ಭಾಷೆಯಲ್ಲಿ ಯಾರಾದರೂ ಹೇಳಿದ್ದಾರೆಯೇ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ.

ನಗರದಲ್ಲಿ ನಡೆದ ಇಂಥದೊಂದು ಸಮ್ಮೇಳನಕ್ಕೆ, ಪರಿಚಿತ ವೈದ್ಯರೊಬ್ಬರ ಸಹಾಯದಿಂದ, ನಾನೂ ಹೋಗಿದ್ದೆ. ದೊಡ್ಡ ಸಭಾಂಗಣದ ಹಿಂದಿನ ಪಡಸಾಲೆಯಲ್ಲಿ ಸಾಲಾಗಿ ಪೋಸ್ಟರ್‌ಗಳನ್ನು ನಿಲ್ಲಿಸಿದ್ದರು. ಹಾವು ಕಡಿತ, ಗರ್ಭಿಣಿಯರ ರಕ್ತಹೀನತೆ, ಕುಡಿಯುವ ನೀರಿನ ಫ್ಲೋರೈಡ್, ಗಾರ್ಮೆಂಟ್ಸ್ ಕಾರ್ಮಿಕರ ಬೆನ್ನುನೋವು ಹೀಗೆ ವಿಷಯಗಳೆಲ್ಲ ನಮ್ಮವೇ. ಪ್ರತಿಯೊಂದರ ಪಕ್ಕದಲ್ಲೂ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿ ನಿಂತಿದ್ದರು. ತೀರ್ಪುಗಾರರು ಬಂದು, ಇಂಗ್ಲಿಷಿನಲ್ಲಿ ಒಂದೆರಡು ಪ್ರಶ್ನೆ ಕೇಳಿ, ಅಂಕ ಬರೆದುಕೊಂಡು ಮುಂದಕ್ಕೆ ಸಾಗಿದರು. ಗಾರ್ಮೆಂಟ್ಸ್ ಪೋಸ್ಟರಿನ ಬಳಿಯಿದ್ದ ಹೆಣ್ಣುಮಗಳನ್ನು ನಾನು ಕನ್ನಡದಲ್ಲಿ ಮಾತನಾಡಿಸಿದಾಗ ಆಕೆ ಪೋಸ್ಟರಿನಲ್ಲಿ ಇಲ್ಲದ ಎಷ್ಟೋ ಸಂಗತಿಗಳನ್ನು ಹೇಳಿದರು: ಕಾರ್ಖಾನೆಯ ಗೇಟಿನ ಬಳಿ ಯಾರೂ ಬಾಯಿ ಬಿಡುವುದಿಲ್ಲ, ಭಾನುವಾರ ಬಟ್ಟೆ ಒಗೆಯುವ ಹೊತ್ತಿಗೆ ವಠಾರಕ್ಕೆ ಹೋದರೆ ಮಾತ್ರ ಮಾತಿಗೆ ಸಿಗುತ್ತಾರೆ, ನೋವು ಎಲ್ಲಿ ಎಂದು ಕೇಳಿದರೆ ಮೊದಲು ‘ಏನೂ ಇಲ್ಲ’ ಎನ್ನುತ್ತಾರೆ, ಪಕ್ಕದ ಮನೆಯಾಕೆ ಹೇಳತೊಡಗಿದ ಮೇಲೆ ತಾವೂ ಹೇಳುತ್ತಾರೆ. ಅಷ್ಟು ಶ್ರದ್ಧೆಯಿಂದ ಸಂಗ್ರಹಿಸಿದ ತಿಳಿವಳಿಕೆ ಸಂಜೆ ಪೋಸ್ಟರ್ ಸುತ್ತಿಡುವುದರೊಂದಿಗೆ ಮುಗಿಯಿತು. ಆ ವಠಾರದವರು ಓದುವ ಪತ್ರಿಕೆಯ ಒಬ್ಬ ವರದಿಗಾರರೂ ಆ ಪಡಸಾಲೆಯಲ್ಲಿ ಇರಲಿಲ್ಲ.

ಇದರಿಂದ ಆಗುವ ನಷ್ಟ ಎಂಥದು ಎಂಬುದಕ್ಕೆ 2025ರ ಜೂನ್, ಜುಲೈ ತಿಂಗಳುಗಳ ಹಾಸನದ ಪ್ರಕರಣವನ್ನು ನೆನಪಿಸಬಯಸುತ್ತೇನೆ. ಸುಮಾರು 40 ದಿನಗಳಲ್ಲಿ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮೃತಪಟ್ಟರು ಎಂಬ ಸುದ್ದಿ ದಿನದಿನವೂ ಒಂದೊಂದು ಹೆಸರು ಸೇರಿ ಬೆಳೆಯಿತು. ಜನ ಗಾಬರಿಗೊಂಡು ಬೆಂಗಳೂರು, ಮೈಸೂರುಗಳ ಹೃದ್ರೋಗ ಆಸ್ಪತ್ರೆಗಳ ಮುಂದೆ ನಸುಕಿನಿಂದಲೇ ಸಾಲುಗಟ್ಟಿದರು. ಆ ದಿನಗಳಲ್ಲಿ ಯಾವ ವರದಿಯಲ್ಲೂ ನನಗೆ ಕಾಣದಿದ್ದ ಒಂದು ಲೆಕ್ಕವನ್ನು ಇಲ್ಲಿ ಮಾಡಿ ತೋರಿಸುತ್ತೇನೆ. 2011ರ ಜನಗಣತಿಯ ಪ್ರಕಾರ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ಕರ್ನಾಟಕದಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಆರರಿಂದ ಏಳು ಮಂದಿ ಸಾಯುತ್ತಾರೆ ಎಂಬುದು ಆಯ್ದ ಊರುಗಳ ಜನನ-ಮರಣಗಳನ್ನು ಎಣಿಸುವ ಸರ್ಕಾರದ ಮಾದರಿ ನೋಂದಣಿ ಸಮೀಕ್ಷೆಯ ಅಂದಾಜು. ಹಾಗಾದರೆ ಏನೂ ವಿಶೇಷವಿಲ್ಲದ ಸಾಧಾರಣ ವರ್ಷದಲ್ಲಿ ಆ ಜಿಲ್ಲೆಯಲ್ಲಿ ಹನ್ನೊಂದು ಸಾವಿರದ ಆಸುಪಾಸು, ಅಂದರೆ ದಿನಕ್ಕೆ ಸುಮಾರು 30 ಸಾವು ಸಂಭವಿಸುತ್ತವೆ. ದೇಶದಲ್ಲಿ ಸರಿಸುಮಾರು ನಾಲ್ಕರಲ್ಲೊಂದು ಸಾವಿಗೆ ಪಾರ್ಶ್ವವಾಯುವೂ ಸೇರಿದಂತೆ ಹೃದಯ ಮತ್ತು ರಕ್ತನಾಳದ ಕಾಯಿಲೆಗಳೇ ಕಾರಣ. ಆದ್ದರಿಂದ 40 ದಿನಗಳಲ್ಲಿ ಇಂಥ ಸಾವು ಮುನ್ನೂರರಷ್ಟು ಇರುವುದು ನಿರೀಕ್ಷಿತವೇ. ಪತ್ರಿಕೆಗಳಲ್ಲಿ ಬಂದ ಇಪ್ಪತ್ತು ಚಿಲ್ಲರೆ ಹೆಸರುಗಳು ಆ ಮುನ್ನೂರರ ಮೇಲೆ ಹೆಚ್ಚಾಗಿ ಬಂದವೋ ಅಥವಾ ಅದರೊಳಗೇ ಇದ್ದವೋ ಎಂಬುದೇ ಕೇಳಬೇಕಾಗಿದ್ದ ಪ್ರಶ್ನೆ. ಭಿನ್ನರಾಶಿಯ ಅಂಶವನ್ನು, ಅಂದರೆ ಸತ್ತವರ ಎಣಿಕೆಯನ್ನು, ದಪ್ಪಕ್ಷರದಲ್ಲಿ ಅಚ್ಚು ಹಾಕಿ, ಛೇದವನ್ನು, ಅಂದರೆ ಅದನ್ನು ಹೋಲಿಸಿ ನೋಡಬೇಕಾದ ಒಟ್ಟು ಸಂಖ್ಯೆಯನ್ನು, ಬಿಟ್ಟಾಗ ಓದುಗನಿಗೆ ದೊರೆಯುವುದು ಭಯವಲ್ಲದೆ ತಿಳಿವಳಿಕೆಯಲ್ಲ.

ಇದನ್ನು ಹೇಳುವಾಗ ಚಿಕ್ಕ ವಯಸ್ಸಿನವರನ್ನು ಕಳೆದುಕೊಂಡ ಆ ಮನೆಗಳ ದುಃಖವನ್ನು ನಾನು ಹಗುರ ಮಾಡುತ್ತಿಲ್ಲ. ಇಪ್ಪತ್ತು, ಮೂವತ್ತರ ಹರೆಯದ ಸಾವುಗಳು ಹೆಚ್ಚಿವೆಯೇ ಎಂಬುದನ್ನು ವಯೋಮಾನವಾರು, ಹಿಂದಿನ ವರ್ಷಗಳ ಅದೇ ತಿಂಗಳುಗಳಿಗೆ ಹೋಲಿಸಿ ನೋಡಲೇಬೇಕಿತ್ತು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ರಚಿಸಿತು; ಅಸಹಜ ಏರಿಕೆ ಕಂಡುಬಂದಿಲ್ಲ, ಕೋವಿಡ್ ಲಸಿಕೆಗೆ ನೇರ ಸಂಬಂಧವಿಲ್ಲ ಎಂಬುದು ಅದರಿಂದ ಹೊರಬಂದ ಮಾತು. ಆದರೆ ಗಾಬರಿಯ ಸುದ್ದಿ ಮುಖಪುಟದಲ್ಲಿ ವಾರಗಟ್ಟಲೆ ಇತ್ತು, ಸಮಿತಿ ಆ ತೀರ್ಮಾನಕ್ಕೆ ಬಂದ ಬಗೆಯನ್ನು ವಿವರಿಸುವ ಬರಹ ಮಾತ್ರ ಹುಡುಕಿದರೂ ಸಿಗುವುದು ಕಷ್ಟವಾಗಿತ್ತು. ಸಂಘಗಳ ಸಮ್ಮೇಳನಗಳಲ್ಲಿ ಇಂಥ ಲೆಕ್ಕಗಳೇ ದಿನವಿಡೀ ನಡೆಯುತ್ತವೆ. ಅಲ್ಲಿ ಒಂದು ದಿನ ಕುಳಿತು ಕೇಳಿದ ವರದಿಗಾರರು ಮುಂದಿನ ಬಾರಿ ಇಂಥ ಸುದ್ದಿ ಬಂದಾಗ ಜಿಲ್ಲಾ ಆರೋಗ್ಯಾಧಿಕಾರಿಗೆ ಫೋನ್ ಮಾಡಿ, ಕಳೆದ ವರ್ಷ ಇದೇ ಅವಧಿಯಲ್ಲಿ ಎಷ್ಟು ಸಾವು ನೋಂದಣಿಯಾಗಿದ್ದವು ಎಂದು ಮೊದಲು ಕೇಳುತ್ತಾರೆ ಎಂಬ ನಂಬಿಕೆ ನನಗಿದೆ.

ಹಾಗೆ ಕೇಳಿದರೆ ಇನ್ನೊಂದು ತೊಡಕು ಹೊರಬರುತ್ತದೆ. ಸಾವಿನ ಕಾರಣವನ್ನು ದಾಖಲಿಸಲು ಆಸ್ಪತ್ರೆಯ ಸಾವಿಗೆ ನಮೂನೆ 4, ಮನೆಯಲ್ಲಿ ಆದ ಸಾವಿಗೆ ನಮೂನೆ 4ಎ ಇವೆ. ನೇರ ಕಾರಣವನ್ನು ಮೊದಲ ಸಾಲಿನಲ್ಲಿಯೂ, ಅದಕ್ಕೆ ಎಡೆಮಾಡಿದ ಮೂಲ ಕಾಯಿಲೆಯನ್ನು ಕೆಳಗಿನ ಸಾಲುಗಳಲ್ಲಿಯೂ ಬರೆಯಬೇಕು. ಎಷ್ಟೋ ನಮೂನೆಗಳಲ್ಲಿ ಮೊದಲ ಸಾಲಿನಲ್ಲಿ ‘ಹೃದಯ ಸ್ತಂಭನ’ ಎಂದು ಬರೆದು ಕೆಳಗಿನದನ್ನು ಖಾಲಿ ಬಿಟ್ಟಿರುವುದನ್ನು ನಾನು ಕಂಡಿದ್ದೇನೆ. ಯಾವ ಕಾಯಿಲೆಯಿಂದ ಸತ್ತರೂ ಕೊನೆಗೆ ಹೃದಯ ನಿಲ್ಲಲೇಬೇಕು. ಮಧುಮೇಹದಿಂದಲೋ, ಶ್ವಾಸಕೋಶದ ಸೋಂಕಿನಿಂದಲೋ ತೀರಿಕೊಂಡವರು ಹೀಗೆ ಹೃದ್ರೋಗದ ಪಟ್ಟಿಗೆ ಸೇರಿಬಿಡುತ್ತಾರೆ. ದೇಶದಲ್ಲಿ ನೋಂದಣಿಯಾಗುವ ಸಾವುಗಳ ಪೈಕಿ ವೈದ್ಯರಿಂದ ಕಾರಣ ಪ್ರಮಾಣೀಕೃತವಾಗುವುದೇ ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆ. ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ಬಂದ ತಿದ್ದುಪಡಿಯಂತೆ ಎಲ್ಲ ವೈದ್ಯಕೀಯ ಸಂಸ್ಥೆಗಳೂ ಈ ಪ್ರಮಾಣಪತ್ರ ನೀಡಬೇಕು, ಅದರ ಪ್ರತಿ ಹತ್ತಿರದ ಸಂಬಂಧಿಕರಿಗೂ ಸಲ್ಲಬೇಕು. ಆ ಪ್ರತಿಯನ್ನು ಕೇಳಿ ಪಡೆಯುವ ಹಕ್ಕು ತಮಗಿದೆ ಎಂದು ಗೊತ್ತಿರುವ ಕುಟುಂಬಗಳು ಎಷ್ಟಿವೆ? ಪತ್ರಿಕೆ ಬರೆಯದೆ ಅವರಿಗೆ ತಿಳಿಯುವ ಬೇರೆ ದಾರಿ ನನಗೆ ಕಾಣುತ್ತಿಲ್ಲ.

ಡೆಂಗಿಯ ವಿಷಯದಲ್ಲೂ ಹೀಗೆಯೇ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಗ್ರಾಮಾಂತರದಲ್ಲಿ 200 ರೂಪಾಯಿ ದಂಡ ನಿಗದಿಪಡಿಸಿತು. ದಂಡದ ಸುದ್ದಿ ಎಲ್ಲರಿಗೂ ತಲುಪಿತು. ಆದರೆ ಪರೀಕ್ಷೆಗಳ ಸಂಖ್ಯೆ ಹೆಚ್ಚಿದಾಗ ಪ್ರಕರಣಗಳೂ ಹೆಚ್ಚಿದಂತೆ ತೋರುತ್ತವೆ, ಪರೀಕ್ಷೆ ನಿಲ್ಲಿಸಿದರೆ ರೋಗ ಇಳಿದಂತೆ ತೋರುತ್ತದೆ ಎಂಬ ಸರಳ ಸಂಗತಿ ದಿನದ ಅಂಕಿಯ ಜೊತೆಗೆ ಎಂದೂ ಅಚ್ಚಾಗಲಿಲ್ಲ. ಆ ಅಂಕಿಯ ಹಿಂದಿನ ದುಡಿಮೆಯೂ ಕಣ್ಣಿಗೆ ಬೀಳಲಿಲ್ಲ. ಲಾರ್ವಾ, ಅಂದರೆ ನೀರಿನಲ್ಲಿ ಬೆಳೆಯುವ ಸೊಳ್ಳೆಯ ಮರಿಹುಳುಗಳ ಸಮೀಕ್ಷೆಗೆ ಬರುವ ಆಶಾ ಕಾರ್ಯಕರ್ತೆ ಸಂಪಿನ ಮುಚ್ಚಳ ಎತ್ತಿಸಿ, ಟಾರ್ಚಿನ ಬೆಳಕು ಬಿಟ್ಟು, ನೀರು ಅಲುಗಾಡದಂತೆ ಕ್ಷಣಹೊತ್ತು ಬಗ್ಗಿ ನೋಡುತ್ತಾರೆ. ನೆರಳು ಬಿದ್ದೊಡನೆ ಲಾರ್ವಾ ತಳಕ್ಕಿಳಿಯುತ್ತದೆ, ಆದ್ದರಿಂದ ಕಾದು ಮತ್ತೆ ನೋಡಬೇಕು. ಫ್ರಿಜ್ಜಿನ ಹಿಂದಿನ ತಟ್ಟೆ, ಹಿತ್ತಿಲಿನ ಒರಳು, ತಾರಸಿಯ ಹಳೆಯ ಟೈರು, ಎಲ್ಲವನ್ನೂ ನೋಡಿ, ಎಷ್ಟು ಮನೆ ನೋಡಿದೆ, ಎಷ್ಟರಲ್ಲಿ ಸಿಕ್ಕಿತು ಎಂದು ಬರೆದುಕೊಳ್ಳುತ್ತಾರೆ. ಬಾಗಿಲು ತೆರೆಯದ ಮನೆಗಳು ಹೆಚ್ಚಾದಷ್ಟೂ ಆ ಬೀದಿಯ ಲೆಕ್ಕ ಸುಳ್ಳಾಗುತ್ತದೆ. ರಾಷ್ಟ್ರೀಯ ಸಮ್ಮೇಳನದ ಪರದೆಯ ಮೇಲೆ ಮೂಡುವ ಬಣ್ಣದ ನಕ್ಷೆ ಹುಟ್ಟುವುದು ಇಲ್ಲಿಂದಲೇ. ಆದರೂ ಸಾವಿರಾರು ರೂಪಾಯಿಯ ನೋಂದಣಿ ಶುಲ್ಕ ಕಟ್ಟಿ ಆ ಸಭೆಗೆ ಹೋಗಲು ಆ ಕಾರ್ಯಕರ್ತೆಗೆ ಸಾಧ್ಯವಿಲ್ಲ.

ಮಲೆನಾಡಿನವರ ಮಾತನ್ನೂ ಇಲ್ಲಿ ಹೇಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ವೈರಸ್ಸಿಗೆ ಜಗತ್ತು ಆ ಕಾಡಿನ ಹೆಸರನ್ನೇ ಇಟ್ಟಿದೆ. ಉಣುಗಿನಿಂದ ಹರಡುವ ಆ ಮಂಗನ ಕಾಯಿಲೆ ಪಶ್ಚಿಮ ಘಟ್ಟದ ಉದ್ದಕ್ಕೂ ಹರಡಿ ಕೇರಳದ ವಯನಾಡು, ಗೋವಾಗಳಲ್ಲೂ ಕಾಣಿಸಿಕೊಂಡಿತು. ದಶಕಗಳ ಕಾಲ ಕೊಟ್ಟ ಲಸಿಕೆಯ ಪರಿಣಾಮ ಸಾಲದೆಂದು ಅದನ್ನು ನಿಲ್ಲಿಸಲಾಯಿತು. ಈಗ ಕಾಡಿಗೆ ಹೋಗುವವರ ಕೈಗೆ ಬರುವುದು ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆ. ಆ ಲಸಿಕೆ ಏಕೆ ಸೋತಿತು, ಹೊಸದು ಯಾವ ಹಂತದಲ್ಲಿದೆ ಎಂಬುದನ್ನು ಕೇಳುವ ಮೊದಲ ಹಕ್ಕು ವರ್ಷವರ್ಷವೂ ರಕ್ತದ ಮಾದರಿ ಕೊಟ್ಟ ಸಾಗರ, ತೀರ್ಥಹಳ್ಳಿ, ಸಿದ್ದಾಪುರಗಳ ಜನರದು.

ಆದ್ದರಿಂದ ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಇದು. ಕರ್ನಾಟಕದಲ್ಲಿ ಸಮ್ಮೇಳನ ನಡೆದಾಗ ಅರ್ಧ ದಿನವನ್ನಾದರೂ ಕನ್ನಡದ ಗೋಷ್ಠಿಗೆ ಮೀಸಲಿಡಿ, ಅದಕ್ಕೆ ಶುಲ್ಕವಿಲ್ಲದೆ ಆಶಾ ಕಾರ್ಯಕರ್ತೆಯರನ್ನೂ ಆರೋಗ್ಯ ನಿರೀಕ್ಷಣಾಧಿಕಾರಿಗಳನ್ನೂ ಗ್ರಾಮ ಪಂಚಾಯಿತಿ ಸದಸ್ಯರನ್ನೂ ಕರೆಯಿರಿ. ನಮ್ಮ ರಾಜ್ಯದ ಜನರ ಮೇಲೆ ನಡೆದ ಪ್ರತಿ ಅಧ್ಯಯನಕ್ಕೂ ಒಂದು ಪುಟದ ಕನ್ನಡ ಸಾರಾಂಶವನ್ನು ಕಡ್ಡಾಯ ಮಾಡಿ, ಅದನ್ನು ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ಅಂಟಿಸುವ ಏರ್ಪಾಡು ಮಾಡಿ. ಬರೆಯಬಲ್ಲವರ ಕೊರತೆಯಿಲ್ಲ, ನಾನು ಕಂಡ ಆ ವಿದ್ಯಾರ್ಥಿನಿಯಂಥವರು ಪ್ರತಿ ವೈದ್ಯಕೀಯ ಕಾಲೇಜಿನಲ್ಲೂ ಇದ್ದಾರೆ, ಅವರನ್ನು ಯಾರೂ ಕೇಳಿಲ್ಲ ಅಷ್ಟೆ. 1982ರಿಂದ ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ಲೆಕ್ಕವಿಡುತ್ತಿರುವ ಕಿದ್ವಾಯಿ ಸಂಸ್ಥೆಯ ನೋಂದಣಿ ವಿಭಾಗ, 12 ರಾಜ್ಯಗಳಲ್ಲಿ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿದ ನಿಮ್ಹಾನ್ಸ್ ಇವೆಲ್ಲ ಇದೇ ನಗರದಲ್ಲಿರುವಾಗ ವಿಷಯಕ್ಕೂ ಬಡತನವಿಲ್ಲ.

ತಮ್ಮಲ್ಲಿ ನನ್ನ ಕೋರಿಕೆ ಇನ್ನೂ ಚಿಕ್ಕದು. ಇಂಥ ಸಮ್ಮೇಳನದ ಆಹ್ವಾನ ಪತ್ರಿಕೆ ತಮ್ಮ ಕಚೇರಿಗೆ ಬಂದಾಗ, ಉದ್ಘಾಟನೆಗೆ ಛಾಯಾಗ್ರಾಹಕರನ್ನು ಕಳುಹಿಸುವ ಜೊತೆಗೆ, ಎರಡನೆಯ ದಿನದ ಬೆಳಗಿನ ಗೋಷ್ಠಿಗೂ ಪೋಸ್ಟರ್‌ಗಳ ಪಡಸಾಲೆಗೂ ಒಬ್ಬ ವರದಿಗಾರರನ್ನು ಕಳುಹಿಸಿಕೊಡಿ. ಕರ್ನಾಟಕದ ಯಾವ ತಾಲ್ಲೂಕಿನ ಅಧ್ಯಯನಗಳು ಇವೆ ಎಂದು ಕಾರ್ಯಕ್ರಮ ಪಟ್ಟಿಯಲ್ಲಿ ಗುರುತು ಹಾಕಿಕೊಂಡು, ಅವುಗಳಲ್ಲಿ ಒಂದನ್ನಾದರೂ ಆ ಜಿಲ್ಲೆಯ ಆವೃತ್ತಿಯಲ್ಲಿ ಲೆಕ್ಕದ ಸಮೇತ ಪ್ರಕಟಿಸಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಹಿರಿಯ ಆರೋಗ್ಯ ಸಹಾಯಕ,
ರಾಜಾಜಿನಗರ, ಬೆಂಗಳೂರು